ಪರವಾನಗಿ ಮತ್ತು ಪ್ರತಿಜ್ಞೆ

ಮನೆಗೆ ಬಾಗಿಲಿರುವಂತೆ ದೇಶಕ್ಕೆ ಗಡಿಯುಂಟು. ಬಾಗಿಲನ್ನು ಯಾರಿಗೆ ತೆರೆಯಬೇಕು, ಯಾರಿಗೆ ಮುಚ್ಚಬೇಕು ಎಂಬುದನ್ನು ಮನೆಯ ಯಜಮಾನನು ನಿರ್ಧರಿಸುತ್ತಾನೆ. ಹಾಗೆಯೇ ಗಡಿಯೊಳಕ್ಕೆ ಯಾರು ಬರಬಹುದು, ಬಂದವರು ಎಷ್ಟು ಕಾಲ ನಿಲ್ಲಬಹುದು ಎಂಬುದನ್ನು ಸರ್ಕಾರ ನಿರ್ಧರಿಸುತ್ತದೆ. ಇದಕ್ಕಾಗಿ ಪ್ರತಿಯೊಂದು ದೇಶದಲ್ಲಿಯೂ ಕಾಯಿದೆಗಳಿವೆ. ಅವನ್ನು ನಡೆಸಲು ಅಧಿಕಾರಿಗಳೂ ಪೊಲೀಸರೂ ಇದ್ದಾರೆ. ಆದರೆ ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ಬಿಟ್ಟು ಬಂದವನಿಗೂ ಸಂಸಾರವುಂಟು, ಮಾನವುಂಟು. ಗಡಿಯನ್ನು ಕಾಯುವ ಕಾಯಿದೆ ಅವನ ಮಾನದ ಮೇಲೆಯೇ ಕೈಯಿಟ್ಟರೆ ಅವನು ಏನು ಮಾಡಬೇಕು? ತಲೆಬಾಗಬೇಕೆ? ಕಲ್ಲು ಎತ್ತಬೇಕೆ? ಇವೆರಡೂ ಅಲ್ಲದ ಮತ್ತೊಂದು ದಾರಿಯುಂಟೆ? ಈ ಪ್ರಶ್ನೆಗಳಿಗೆ ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ಭಾರತೀಯರು 1906ರಿಂದ 1914ರವರೆಗೆ, ಎಂಟು ವರ್ಷಗಳ ಕಾಲ, ತಮ್ಮ ಬದುಕನ್ನೇ ಒತ್ತೆಯಿಟ್ಟು ಉತ್ತರ ಹುಡುಕಿದರು.

ಭಾರತೀಯರು ಆ ನಾಡಿಗೆ ಹೋದದ್ದು ಕರೆಯದೆ ಅಲ್ಲ. ನೇಟಾಲ್ ಪ್ರಾಂತದ ಬಿಳಿಯ ತೋಟಗಾರರಿಗೆ ಕಬ್ಬಿನ ಗದ್ದೆಗಳಲ್ಲಿ ದುಡಿಯುವ ಕೈಗಳು ಬೇಕಾಗಿದ್ದವು. 1860ರ ನವೆಂಬರ್ 16ರಂದು ‘ಟ್ರೂರೊ’ ಎಂಬ ಹಡಗು ಮದರಾಸಿನಿಂದ ಹೊರಟ ಮೊದಲ ಕರಾರು ಕೂಲಿಗಳನ್ನು ಡರ್ಬನ್ ಬಂದರಿನಲ್ಲಿ ಇಳಿಸಿತು. ಐದು ವರ್ಷಗಳ ಕರಾರು ಮುಗಿದ ಮೇಲೆ ಕೆಲವರು ತಾಯ್ನಾಡಿಗೆ ಮರಳಿದರು. ಹಲವರು ಅಲ್ಲಿಯೇ ನಿಂತು ತುಂಡು ನೆಲದಲ್ಲಿ ತರಕಾರಿ ಬೆಳೆದರು, ತಲೆಯ ಮೇಲೆ ಬುಟ್ಟಿ ಹೊತ್ತು ಮಾರಿದರು. ಅವರ ಹಿಂದೆಯೇ ಗುಜರಾತಿನ ಕಡೆಯಿಂದ ವರ್ತಕರೂ ಬಂದರು. ದುಡಿಮೆಗಾರನಾಗಿದ್ದಾಗ ಬೇಕಾಗಿದ್ದ ಭಾರತೀಯನು ಸ್ವತಂತ್ರನಾಗಿ ಬಾಳತೊಡಗಿದಾಗ ಬಿಳಿಯರ ಕಣ್ಣಿಗೆ ಕಸವಾದನು. ಕರಾರು ಮುಗಿದ ಮೇಲೂ ನೇಟಾಲಿನಲ್ಲಿ ಉಳಿಯುವವರು ವರ್ಷಕ್ಕೆ ಮೂರು ಪೌಂಡು ತಲೆಗಂದಾಯ ಕೊಡಬೇಕೆಂದು 1895ರಲ್ಲಿ ಶಾಸನವಾಯಿತು. ಕರಾರಿನ ಮೊದಲ ವರ್ಷದಲ್ಲಿ ಕೂಲಿಗೆ ದೊರೆಯುತ್ತಿದ್ದುದು ತಿಂಗಳಿಗೆ 10 ಷಿಲಿಂಗು. ಮೂರು ಪೌಂಡು ಎಂದರೆ 60 ಷಿಲಿಂಗು, ಅಂದರೆ ಆರು ತಿಂಗಳ ದುಡಿಮೆ. ಮುಂದೆ 1897ರಲ್ಲಿ ವಲಸೆ ನಿರ್ಬಂಧ ಕಾಯಿದೆ ಬಂದಿತು. ಅದರಲ್ಲಿ ಭಾರತೀಯರೆಂಬ ಮಾತೇ ಇರಲಿಲ್ಲ. ಒಳಬರುವವನಿಗೆ ಯೂರೋಪಿನ ಒಂದು ಭಾಷೆಯಲ್ಲಿ ಬರೆಯಲು ಬರಬೇಕೆಂದು ಮಾತ್ರ ಹೇಳಲಾಗಿತ್ತು. ಸಂಸ್ಕೃತದಲ್ಲಿಯೋ ತಮಿಳಿನಲ್ಲಿಯೋ ಪಂಡಿತನಾದವನು ಕೂಡ ಡರ್ಬನ್ನಿನ ಬಂದರುಕಟ್ಟೆಯಲ್ಲಿ ನಿರಕ್ಷರಿಯಾದನು. ಅನ್ಯಾಯವು ಎಷ್ಟೋ ವೇಳೆ ಇಂತಹ ಸಭ್ಯವಾದ ಭಾಷೆಯಲ್ಲಿಯೇ ಮಾತನಾಡುತ್ತದೆ.

ನೇಟಾಲಿನ ನೆರೆಯದು ಟ್ರಾನ್ಸ್‌ವಾಲ್. ಚಿನ್ನದ ಗಣಿಗಳ ನಾಡು. ಬೋಯರ್ ಯುದ್ಧವು 1902ರಲ್ಲಿ ಮುಗಿದ ಮೇಲೆ ಅದು ಬ್ರಿಟಿಷರ ವಶವಾಯಿತು. ಹೊಸ ಆಡಳಿತವು ಏಷ್ಯಾದವರಿಗಾಗಿಯೇ ಒಂದು ಇಲಾಖೆಯನ್ನು ತೆರೆದು ಪರವಾನಗಿ ಪತ್ರಗಳನ್ನು ಬಿಗಿಗೊಳಿಸಿತು. 1906ರ ಆಗಸ್ಟ್ ತಿಂಗಳಿನಲ್ಲಿ ಸರ್ಕಾರದ ಗೆಜೆಟ್ಟಿನಲ್ಲಿ ಒಂದು ಮಸೂದೆ ಪ್ರಕಟವಾಯಿತು. ಅದರಂತೆ ಎಂಟು ವರ್ಷ ಮೀರಿದ ಪ್ರತಿಯೊಬ್ಬ ಭಾರತೀಯನೂ ಹೊಸದಾಗಿ ಹೆಸರು ನೋಂದಾಯಿಸಿ, ಬೆರಳುಗಳ ಗುರುತು ಒತ್ತಿ, ಪತ್ರವನ್ನು ಪಡೆಯಬೇಕು. ಪೊಲೀಸರು ಬೀದಿಯಲ್ಲಿ ಕೇಳಿದರೂ ಮನೆಗೆ ನುಗ್ಗಿ ಕೇಳಿದರೂ ಅದನ್ನು ತೋರಿಸಬೇಕು. ತಪ್ಪಿದರೆ ದಂಡ, ಸೆರೆ ಅಥವಾ ಗಡೀಪಾರು. ಹತ್ತು ಬೆರಳುಗಳ ಗುರುತನ್ನು ಆ ಕಾಲದಲ್ಲಿ ಅಪರಾಧಿಗಳಿಂದ ಪಡೆಯುತ್ತಿದ್ದರು. ಕಳ್ಳತನವಾಗಿ ಗಡಿ ನುಸುಳುವವರನ್ನು ತಡೆಯಲು ಇದು ಅಗತ್ಯವೆಂದು ಸರ್ಕಾರ ಹೇಳಿತು. ಒಂದು ಜನಾಂಗವನ್ನೇ ಕಳ್ಳರ ಸಾಲಿನಲ್ಲಿ ನಿಲ್ಲಿಸಿದಂತಾಯಿತೆಂದು ಭಾರತೀಯರು ನೊಂದರು. ಅವರು ಇದನ್ನು ಕರಾಳ ಶಾಸನವೆಂದು ಕರೆದರು.

ಆಗ ಜೋಹಾನ್ಸ್‌ಬರ್ಗ್ ನಗರದಲ್ಲಿ ವಕೀಲರಾಗಿದ್ದ ಮೋಹನದಾಸ ಕರಮಚಂದ ಗಾಂಧಿಯವರಿಗೆ ಮೂವತ್ತೇಳನೆಯ ವರ್ಷ ಸಮೀಪಿಸಿತ್ತು. 1906ರ ಸೆಪ್ಟೆಂಬರ್ 11ರಂದು ಆ ನಗರದ ಎಂಪೈರ್ ನಾಟಕಶಾಲೆಯಲ್ಲಿ ಸುಮಾರು ಮೂರು ಸಾವಿರ ಭಾರತೀಯರು ಸೇರಿದರು. ಈ ಕಾಯಿದೆಗೆ ತಲೆಬಾಗುವುದಿಲ್ಲವೆಂಬ ನಿರ್ಣಯ ಸಭೆಯ ಮುಂದೆ ಬಂದಾಗ, ಹಾಜಿ ಹಬೀಬ್ ಎಂಬ ವರ್ತಕರು ಅದನ್ನು ದೇವರ ಸಾಕ್ಷಿಯಾಗಿ ಕೈಗೊಳ್ಳಬೇಕೆಂದರು. ಗಾಂಧೀಜಿ ಆ ಮಾತಿನ ಭಾರವನ್ನು ಸಭೆಗೆ ವಿವರಿಸಿದರು. ಕೈಯೆತ್ತಿ ಒಪ್ಪಿದ ನಿರ್ಣಯವನ್ನು ನಾಳೆ ಬದಲಿಸಬಹುದು. ದೇವರ ಮುಂದೆ ಮಾಡಿದ ಪ್ರತಿಜ್ಞೆಯನ್ನು ಬದಲಿಸಲಾಗದು. ಸೆರೆ, ಹಸಿವು, ಆಸ್ತಿನಾಶ, ಗಡೀಪಾರು, ಸಾವು ಕೂಡ ಬರಬಹುದು. ಉಳಿದವರೆಲ್ಲರೂ ಬಿಟ್ಟುಹೋದರೂ ಒಬ್ಬನೇ ನಿಲ್ಲಬಲ್ಲೆನೆಂಬ ಧೈರ್ಯವಿದ್ದವರು ಮಾತ್ರ ಪ್ರತಿಜ್ಞೆ ಮಾಡಲಿ ಎಂದರು. ಸಭೆ ಎದ್ದು ನಿಂತು ಪ್ರತಿಜ್ಞೆ ಮಾಡಿತು. ಆ ಹೋರಾಟಕ್ಕೆ ಇನ್ನೂ ಹೆಸರಿರಲಿಲ್ಲ. ಮುಂದೆ ‘ಇಂಡಿಯನ್ ಒಪೀನಿಯನ್’ ಪತ್ರಿಕೆ ಒಳ್ಳೆಯ ಹೆಸರನ್ನು ಸೂಚಿಸುವಂತೆ ಓದುಗರನ್ನು ಕೇಳಿತು. ಮಗನಲಾಲ್ ಗಾಂಧಿ ‘ಸದಾಗ್ರಹ’ ಎಂದು ಸೂಚಿಸಿದರು. ಗಾಂಧೀಜಿ ಅದನ್ನು ತಿದ್ದಿ ‘ಸತ್ಯಾಗ್ರಹ’ ಎಂದರು.

ಮೊದಲ ಮಸೂದೆಗೆ ಲಂಡನ್ನಿನ ಒಪ್ಪಿಗೆ ದೊರೆಯಲಿಲ್ಲ. ಆದರೆ ಟ್ರಾನ್ಸ್‌ವಾಲಿಗೆ ಸ್ವಯಮಾಡಳಿತ ಬಂದೊಡನೆ ಅಲ್ಲಿನ ಶಾಸನಸಭೆ 1907ರಲ್ಲಿ ಅದೇ ಕಾಯಿದೆಯನ್ನು ಹೆಚ್ಚುಕಡಿಮೆ ಹಾಗೆಯೇ ಅಂಗೀಕರಿಸಿತು. ಜುಲೈ 1ರಿಂದ ನೋಂದಣಿ ಕಚೇರಿಗಳು ತೆರೆದವು. ಪ್ರತಿ ಕಚೇರಿಯ ಬಳಿ ಭಾರತೀಯ ಸ್ವಯಂಸೇವಕರು ಕಾವಲು ನಿಂತು, ಒಳಗೆ ಹೋಗುವವರಿಗೆ ಕಾಯಿದೆಯ ಅರ್ಥವನ್ನು ತಿಳಿಸಿದರು. ನೋಂದಾಯಿಸಿಕೊಳ್ಳುವವರನ್ನು ಬೈಯಬಾರದು, ಹೆದರಿಸಬಾರದು, ಪೊಲೀಸರು ಕೈಮಾಡಿದರೂ ಸಹಿಸಬೇಕು ಎಂಬುದು ಅವರಿಗೆ ವಿಧಿಸಿದ ನಿಯಮ. ಈ ನಿಯಮವನ್ನು ಮೀರಿ ಬೆದರಿಕೆ ಹಾಕಿದವರೂ ಇದ್ದರು. ಹಾಗೆ ಮಾಡುವುದು ಹೋರಾಟಕ್ಕೆ ಕಳಂಕವೆಂದು ಗಾಂಧೀಜಿ ಬಹಿರಂಗವಾಗಿಯೇ ಖಂಡಿಸಿದರು. ನೋಂದಣಿಯ ಗಡುವನ್ನು ಮತ್ತೆ ಮತ್ತೆ ಮುಂದೂಡಿದರೂ ಸುಮಾರು 13,000 ಭಾರತೀಯರಲ್ಲಿ ಹೆಸರು ಬರೆಸಿದವರು ಸುಮಾರು 500 ಮಂದಿ ಮಾತ್ರ. ಅಲ್ಲಿದ್ದ ಚೀನೀಯರೂ ತಮ್ಮ ನಾಯಕ ಲಿಯಂಗ್ ಕ್ವಿನ್ ಅವರೊಡನೆ ಹೋರಾಟವನ್ನು ಸೇರಿದರು.

ಮೊದಲು ಸೆರೆಹೋದವನು ಜರ್ಮಿಸ್ಟನ್ ಎಂಬ ಊರಿನ ರಾಮಸುಂದರ ಪಂಡಿತ. ಪರವಾನಗಿಯ ಅವಧಿ ಮುಗಿದ ಮೇಲೂ ಉಳಿದನೆಂಬುದು ಅವನ ಅಪರಾಧ. ಒಂದು ತಿಂಗಳ ಸೆರೆವಾಸ ಮುಗಿಸಿ ಬಂದವನಿಗೆ ಜನ ಹೂಮಾಲೆ ಹಾಕಿ ಮೆರೆಸಿದರು. ಮತ್ತೆ ಸೆರೆಮನೆಯ ಬಾಗಿಲು ಕಂಡಾಗ ಅವನು ಟ್ರಾನ್ಸ್‌ವಾಲನ್ನೇ ಬಿಟ್ಟು ಓಡಿಹೋದನು. ಹೂಮಾಲೆ ಹೊರುವುದು ಸುಲಭ, ಪ್ರತಿಜ್ಞೆಯನ್ನು ಹೊರುವುದು ಕಷ್ಟ ಎಂಬುದು ಜನರಿಗೆ ಅಂದೇ ತಿಳಿಯಿತು. 1908ರ ಜನವರಿ 10ರಂದು ಗಾಂಧೀಜಿಯ ಸರದಿ ಬಂದಿತು. ತಾವು ವಕೀಲರಾಗಿ ವಾದಿಸುತ್ತಿದ್ದ ನ್ಯಾಯಾಲಯದಲ್ಲಿಯೇ ಅಪರಾಧಿಯಾಗಿ ನಿಂತು, ತಪ್ಪನ್ನು ಒಪ್ಪಿಕೊಂಡು, ಅತ್ಯಂತ ಕಠಿಣ ಶಿಕ್ಷೆಯನ್ನು ವಿಧಿಸಬೇಕೆಂದು ಕೇಳಿದರು. ಎರಡು ತಿಂಗಳ ಸಾದಾ ಸಜೆ ವಿಧಿಸಲಾಯಿತು.

ಆ ತಿಂಗಳು ಮುಗಿಯುವುದರೊಳಗೆ ಸಚಿವ ಜನರಲ್ ಸ್ಮಟ್ಸ್ ಅವರೊಡನೆ ಒಂದು ರಾಜಿಯಾಯಿತು. ಭಾರತೀಯರು ತಾವಾಗಿಯೇ ನೋಂದಾಯಿಸಿಕೊಳ್ಳಬೇಕು. ಹಾಗಾದರೆ ಸರ್ಕಾರವು ಕರಾಳ ಶಾಸನವನ್ನು ಹಿಂತೆಗೆದುಕೊಳ್ಳುತ್ತದೆ ಎಂದು ಗಾಂಧೀಜಿ ನಂಬಿದರು. ಬೆರಳೊತ್ತುವುದು ಅವಮಾನವೆಂದು ನಿನ್ನೆಯವರೆಗೆ ಹೇಳಿದವರು ಇಂದು ಬೆರಳೊತ್ತಿರಿ ಎಂದರೆ ಜನ ಸಂಶಯಪಡದಿರುವರೆ? ಒತ್ತಾಯಕ್ಕೆ ಹೆದರಿ ಒತ್ತಿದರೆ ಅವಮಾನ, ಒಪ್ಪಂದವನ್ನು ಗೌರವಿಸಿ ತಾನಾಗಿ ಒತ್ತಿದರೆ ಸೌಜನ್ಯ ಎಂಬುದು ಗಾಂಧೀಜಿಯ ಸಮಾಧಾನ. ಅದು ಎಲ್ಲರಿಗೂ ಹಿಡಿಸಲಿಲ್ಲ. ಫೆಬ್ರವರಿ 10ರಂದು ಮೊದಲಿಗರಾಗಿ ನೋಂದಣಿ ಮಾಡಿಸಲು ಹೊರಟ ಅವರನ್ನು ಮೀರ್ ಆಲಂ ಎಂಬ ಪಠಾಣನೂ ಅವನ ಸಂಗಡಿಗರೂ ಬೀದಿಯಲ್ಲಿ ದೊಣ್ಣೆಯಿಂದ ಹೊಡೆದು ಕೆಡವಿದರು. ರೆವರೆಂಡ್ ಜೋಸೆಫ್ ಡೋಕ್ ಎಂಬ ಪಾದ್ರಿ ಅವರನ್ನು ತಮ್ಮ ಮನೆಗೆ ಕರೆದೊಯ್ದು ಆರೈಕೆ ಮಾಡಿದರು. ಹಾಸಿಗೆಯ ಮೇಲೆ ಮಲಗಿದಲ್ಲಿಯೇ ಗಾಂಧೀಜಿ ತಮ್ಮ ಬೆರಳುಗಳ ಗುರುತನ್ನು ಕೊಟ್ಟರು. ಹೊಡೆದವರನ್ನು ಶಿಕ್ಷಿಸಬಾರದೆಂದೂ ಕೇಳಿಕೊಂಡರು.

ಬಹುಪಾಲು ಭಾರತೀಯರು ತಾವಾಗಿಯೇ ನೋಂದಾಯಿಸಿಕೊಂಡರು. ಕಾಯಿದೆ ಮಾತ್ರ ಹಿಂದೆ ಹೋಗಲಿಲ್ಲ. ಆಗ, 1908ರ ಆಗಸ್ಟ್ 16ರಂದು, ಜೋಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಅಂಗಳದಲ್ಲಿ ಒಂದು ದೊಡ್ಡ ಕಬ್ಬಿಣದ ಕೊಪ್ಪರಿಗೆಯನ್ನು ಇಟ್ಟರು. ಎರಡು ಸಾವಿರಕ್ಕೂ ಹೆಚ್ಚು ಪತ್ರಗಳನ್ನು ಅದರಲ್ಲಿ ಹಾಕಿ, ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರು. ಆ ಪತ್ರ ಸುಟ್ಟರೆ ನಾಳೆ ಅಂಗಡಿಯ ಪರವಾನಗಿ ದೊರೆಯದು, ಗಡಿ ದಾಟಿದರೆ ಒಳಗೆ ಬಿಡರು, ದಾರಿಯಲ್ಲಿ ಪೊಲೀಸರು ಹಿಡಿದರೆ ಸೆರೆಯೇ ಗತಿ. ಇದನ್ನು ತಿಳಿದೇ ಜನ ಪತ್ರಗಳನ್ನು ಕೊಟ್ಟರು. ಮೀರ್ ಆಲಂ ಅಲ್ಲಿಗೆ ಬಂದು, ತಾನು ಹೊಡೆದದ್ದು ತಪ್ಪೆಂದು ಎಲ್ಲರೆದುರು ಒಪ್ಪಿಕೊಂಡು, ತನ್ನ ಪತ್ರವನ್ನೂ ಬೆಂಕಿಗೆ ಒಪ್ಪಿಸಿದನು. ಗಾಂಧೀಜಿ ಅವನ ಕೈಕುಲುಕಿದರು.

ಅಲ್ಲಿಂದ ಮುಂದೆ ಸರ್ಕಾರದ ಕೈ ಬಿಗಿಯಾಯಿತು. ಪರವಾನಗಿಯಿಲ್ಲದೆ ಬುಟ್ಟಿ ಹೊತ್ತು ಮಾರಿದವರು ಸೆರೆಗೆ ಹೋದರು. ವಲಸೆ ಕಾಯಿದೆಯನ್ನು ಒರೆಗೆ ಹಚ್ಚಲು ನೇಟಾಲಿನಿಂದ ಬಂದ ವಿದ್ಯಾವಂತ ಪಾರ್ಸಿ ಸೊರಾಬ್ಜಿ ಶಾಪುರ್ಜಿ ಅಡಾಜಾನಿಯಾ ಮೊದಲಾದವರೂ ಸೆರೆ ಸೇರಿದರು. ಚಳಿಗಾಲದಲ್ಲಿ ಸೆರೆಶಿಬಿರದ ದುಡಿಮೆಯಿಂದ ನವೆದ ನಾಗಪ್ಪನ್ ಎಂಬ ತರುಣ ಬಿಡುಗಡೆಯಾದೊಡನೆ, 1909ರ ಜುಲೈ ತಿಂಗಳಿನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡನು. ಅನೇಕರನ್ನು ಹಡಗು ಹತ್ತಿಸಿ ಭಾರತಕ್ಕೆ ಗಡೀಪಾರು ಮಾಡಲಾಯಿತು. ಅವರಲ್ಲಿ ಆಫ್ರಿಕದಲ್ಲಿಯೇ ಹುಟ್ಟಿ ಬೆಳೆದವರೂ ಇದ್ದರು. ಭಾರತದಲ್ಲಿ ಅವರಿಗೆ ಮನೆಯೂ ಇರಲಿಲ್ಲ, ನೆಂಟರೂ ಇರಲಿಲ್ಲ. ಹಾಗೆ ಹೋಗಿ ಮರಳಿಬಂದ ನಾರಾಯಣಸ್ವಾಮಿಯನ್ನು ದಕ್ಷಿಣ ಆಫ್ರಿಕದ ಬಂದರುಗಳಲ್ಲಿ ಇಳಿಯಗೊಡಲಿಲ್ಲ. ಹಡಗಿನ ಮೇಲೆ ಅಲೆದಲೆದು ಅವನು 1910ರಲ್ಲಿ ಡೆಲಗೋವಾ ಕೊಲ್ಲಿಯಲ್ಲಿ ಪ್ರಾಣಬಿಟ್ಟನು. ಸೆರೆಹೋದವರ ಸಂಸಾರಗಳಿಗೆ ಆಸರೆಯಾಗಲು ಹರ್ಮನ್ ಕಾಲೆನ್‌ಬಾಖ್ ಎಂಬ ಗೆಳೆಯರು ಅದೇ ವರ್ಷ ತಮ್ಮ 1,100 ಎಕರೆ ಭೂಮಿಯನ್ನು ಬಿಟ್ಟುಕೊಟ್ಟರು. ಅಲ್ಲಿ ಟಾಲ್‌ಸ್ಟಾಯ್ ಆಶ್ರಮ ನೆಲೆಗೊಂಡಿತು. ಬೇರೆ ಬೇರೆ ಮತದವರು, ಬೇರೆ ಬೇರೆ ಭಾಷೆಯವರು ಅಲ್ಲಿ ಒಂದೇ ಒಲೆಯ ಅಡುಗೆಯನ್ನು ಉಂಡು ಬಾಳಿದರು.

1913ರ ಮಾರ್ಚ್ 14ರಂದು ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ನೀಡಿದ ಒಂದು ತೀರ್ಪು ಹೋರಾಟವನ್ನು ಮನೆಮನೆಯ ಒಲೆಯ ಬಳಿಗೆ ತಂದಿತು. ಭಾರತದಿಂದ ಬಂದ ಒಬ್ಬ ಹೆಂಗಸಿಗೆ ಪತ್ನಿಯೆಂಬ ನೆಲೆಯಲ್ಲಿ ಪ್ರವೇಶ ಕೊಡಬೇಕೆ ಎಂಬುದು ವ್ಯಾಜ್ಯ. ಬಹುಪತ್ನಿತ್ವಕ್ಕೆ ಅವಕಾಶವಿರುವ ಮತದ ವಿಧಿಯಂತೆ ನಡೆದ ಮದುವೆಯನ್ನು ಆ ನಾಡಿನ ಕಾನೂನು ಮಾನ್ಯ ಮಾಡದು ಎಂದು ತೀರ್ಪಾಯಿತು. ಹಿಂದೂ, ಮುಸ್ಲಿಂ, ಪಾರ್ಸಿ ಹೆಂಗಸರು ಒಂದೇ ದಿನದಲ್ಲಿ ಕಾನೂನಿನ ಕಣ್ಣಿನಲ್ಲಿ ಪತ್ನಿಯರಾಗಿ ಉಳಿಯಲಿಲ್ಲ. ಮೂರು ಪೌಂಡಿನ ತಲೆಗಂದಾಯವೂ ತೊಲಗಿರಲಿಲ್ಲ. ಅದುವರೆಗೆ ಹಿಂದೆ ನಿಂತಿದ್ದ ಹೆಂಗಸರು ಈಗ ಮುಂದೆ ಬಂದರು. ಸೆಪ್ಟೆಂಬರಿನಲ್ಲಿ ಕಸ್ತೂರಬಾ ಅವರೂ ಸೇರಿ ಹದಿನಾರು ಮಂದಿ ಪರವಾನಗಿಯಿಲ್ಲದೆ ಟ್ರಾನ್ಸ್‌ವಾಲ್ ಗಡಿಯನ್ನು ದಾಟಿ ಮೂರು ತಿಂಗಳ ಕಠಿಣ ಸಜೆಗೆ ಗುರಿಯಾದರು. ಟ್ರಾನ್ಸ್‌ವಾಲಿನ ತಮಿಳು ಹೆಂಗಸರು ಎದುರು ದಿಕ್ಕಿನಿಂದ ನೇಟಾಲನ್ನು ಹೊಕ್ಕು, ನ್ಯೂಕಾಸಲ್ಲಿನ ಕಲ್ಲಿದ್ದಲು ಗಣಿಗಳ ಕೂಲಿಗಳಿಗೆ ತಲೆಗಂದಾಯದ ಅನ್ಯಾಯವನ್ನು ತಿಳಿಸಿದರು. ಗಣಿ ಕೆಲಸ ನಿಂತಿತು.

ನವೆಂಬರ್ 6ರ ಮುಂಜಾನೆ ನೇಟಾಲಿನ ಗಡಿಯ ಊರಾದ ಚಾರ್ಲ್ಸ್‌ಟೌನಿನಿಂದ 2,037 ಗಂಡಸರು, 127 ಹೆಂಗಸರು, 57 ಮಕ್ಕಳು ಕಾಲ್ನಡಿಗೆಯಲ್ಲಿ ಹೊರಟರು. ಒಬ್ಬೊಬ್ಬರಿಗೆ ದಿನಕ್ಕೆ ಒಂದೂವರೆ ಪೌಂಡು ರೊಟ್ಟಿ, ಒಂದು ಔನ್ಸು ಸಕ್ಕರೆ. ಗಡಿ ದಾಟುವ ಉದ್ದೇಶವನ್ನು ಸರ್ಕಾರಕ್ಕೆ ಮೊದಲೇ ತಿಳಿಸಲಾಗಿತ್ತು. ದಾರಿಯಲ್ಲಿ ಇಬ್ಬರು ತಾಯಂದಿರು ತಮ್ಮ ಕೂಸುಗಳನ್ನು ಕಳೆದುಕೊಂಡರು. ಆದರೂ ನಡಿಗೆ ನಿಲ್ಲಲಿಲ್ಲ. ನಾಲ್ಕು ದಿನಗಳಲ್ಲಿ ಗಾಂಧೀಜಿಯನ್ನು ಮೂರು ಬಾರಿ ಬಂಧಿಸಲಾಯಿತು. ನಡೆದವರನ್ನು ಬಾಲ್ಫರ್ ಎಂಬಲ್ಲಿ ತಡೆದು, ರೈಲಿಗೆ ಹತ್ತಿಸಿ ನೇಟಾಲಿಗೆ ಮರಳಿಸಿ, ಗಣಿಗಳ ಆವರಣಗಳನ್ನೇ ಸೆರೆಮನೆಗಳೆಂದು ಸಾರಿದರು. ಆದರೆ ಬೆಂಕಿ ಆರಲಿಲ್ಲ. ಕರಾವಳಿಯ ಕಬ್ಬಿನ ತೋಟಗಳಿಗೂ ಮುಷ್ಕರ ಹಬ್ಬಿತು. ಅಲ್ಲಿ ಕೆಲವೆಡೆ ಗದ್ದೆಗಳು ಉರಿದವು. ಪೊಲೀಸರ ಗುಂಡಿಗೆ ಕೆಲವರು ಬಲಿಯಾದರು. ಭಾರತದಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅವರೇ ಮದರಾಸಿನಲ್ಲಿ ಸತ್ಯಾಗ್ರಹಿಗಳ ಪರವಾಗಿ ಮಾತನಾಡಿದರು. ಸರ್ಕಾರ ವಿಚಾರಣಾ ಆಯೋಗವನ್ನು ನೇಮಿಸಿ ಗಾಂಧೀಜಿಯನ್ನು ಬಿಡುಗಡೆ ಮಾಡಬೇಕಾಯಿತು. 1914ರ ಜನವರಿಯಲ್ಲಿ ಬಿಳಿಯ ರೈಲ್ವೆ ನೌಕರರು ಬೇರೆ ಕಾರಣಕ್ಕೆ ದೊಡ್ಡ ಮುಷ್ಕರ ಹೂಡಿದರು. ಸರ್ಕಾರದ ಸಂಕಟದ ಸಮಯವನ್ನು ಬಳಸಿಕೊಳ್ಳುವುದು ತಮ್ಮ ಧರ್ಮವಲ್ಲವೆಂದು ಗಾಂಧೀಜಿ ತಮ್ಮ ನಡಿಗೆಯನ್ನು ನಿಲ್ಲಿಸಿದರು. ಈ ನಡತೆ ಎದುರಾಳಿಗಳ ಮನಸ್ಸನ್ನೂ ಮುಟ್ಟಿತು.

ಸೆರೆಯಿಂದ ಜ್ವರಹತ್ತಿ ಬಂದವರಲ್ಲಿ ಹದಿನಾರರ ಹರೆಯದ ವಳ್ಳಿಯಮ್ಮ ಒಬ್ಬಳು. ಸೆರೆಗೆ ಹೋದುದಕ್ಕೆ ಪಶ್ಚಾತ್ತಾಪವಾಗುತ್ತಿದೆಯೆ ಎಂದು ಗಾಂಧೀಜಿ ಕೇಳಿದಾಗ, ಈಗ ಹಿಡಿದರೆ ಈಗಲೂ ಹೋಗುವೆನೆಂದಳು. 1914ರ ಫೆಬ್ರವರಿ 22ರಂದು ಅವಳು ತೀರಿಕೊಂಡಳು. ಆ ವರ್ಷವೇ ಭಾರತೀಯರ ಪರಿಹಾರ ಕಾಯಿದೆ ಜಾರಿಗೆ ಬಂದು ತಲೆಗಂದಾಯ ರದ್ದಾಯಿತು. ಭಾರತೀಯರ ಮದುವೆಗಳಿಗೆ ಮನ್ನಣೆ ದೊರೆಯಿತು. ಗಾಂಧೀಜಿ ಸೆರೆಯಲ್ಲಿ ಹೊಲಿದ ಒಂದು ಜೊತೆ ಚಪ್ಪಲಿಯನ್ನು ಜನರಲ್ ಸ್ಮಟ್ಸ್ ಅವರಿಗೆ ಉಡುಗೊರೆಯಾಗಿ ಕಳುಹಿಸಿ, ಜುಲೈ 18ರಂದು ಆ ನಾಡನ್ನು ಬಿಟ್ಟರು.

ಈ ಗೆಲುವು ಪೂರ್ಣವಾಗಿತ್ತೆಂದು ಹೇಳುವುದು ಸತ್ಯಕ್ಕೆ ಅಪಚಾರ. ಭಾರತದಿಂದ ಹೊಸದಾಗಿ ಬರುವವರಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹೋಗುವ ಸ್ವಾತಂತ್ರ್ಯ ಬರಲಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಆ ಮನೆಗೆ ಯಜಮಾನರೆಂದು ಬೀಗುತ್ತಿದ್ದ ಬಿಳಿಯರೂ ಹೊರಗಿನಿಂದ ಬಂದವರೇ. ನೆಲದ ಮಕ್ಕಳಾದ ಆಫ್ರಿಕನ್ನರು ತಮ್ಮ ನಾಡಿನಲ್ಲಿಯೇ ರಹದಾರಿ ಹಿಡಿದು ತಿರುಗಬೇಕಾಗಿತ್ತು. ಭಾರತೀಯರ ಬೇಡಿಕೆಗಳಲ್ಲಿ ಅವರ ಸಂಕಟ ಸೇರಿರಲಿಲ್ಲ. ಅದೇ 1913ರಲ್ಲಿ ಬ್ಲೋಮ್‌ಫಾಂಟೇನ್ ನಗರದ ಆಫ್ರಿಕನ್ ಹೆಂಗಸರು ರಹದಾರಿಯನ್ನು ಧಿಕ್ಕರಿಸಿ ಸೆರೆಗೆ ಹೋದರು. 1960ರ ಮಾರ್ಚ್ 21ರಂದು ಷಾರ್ಪ್‌ವಿಲ್ಲಿನಲ್ಲಿ ರಹದಾರಿಯ ವಿರುದ್ಧ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ಕೆಲವೇ ದಿನಗಳಲ್ಲಿ ನಾಯಕ ಆಲ್ಬರ್ಟ್ ಲುಟುಲಿ ತಮ್ಮ ರಹದಾರಿಯನ್ನು ಸುಟ್ಟರು. ಆ ಕಾನೂನು ತೊಲಗಲು 1986 ಬರಬೇಕಾಯಿತು.

ಗಡಿಯ ಕಾಯಿದೆಗೂ ಜನರ ಚಳವಳಿಗೂ ನಡುವಣ ತಿಕ್ಕಾಟ ಇಂದಿಗೂ ಮುಗಿದಿಲ್ಲ. 2025ರ ಜೂನ್ ತಿಂಗಳಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ವಲಸೆ ಅಧಿಕಾರಿಗಳು ದುಡಿಯುವ ಸ್ಥಳಗಳಲ್ಲಿ ಜನರನ್ನು ಬಂಧಿಸತೊಡಗಿದಾಗ ಸಾವಿರಾರು ಮಂದಿ ಬೀದಿಗಿಳಿದರು. ಸರ್ಕಾರ ನ್ಯಾಷನಲ್ ಗಾರ್ಡ್ ಪಡೆಯನ್ನು ಕಳುಹಿಸಿತು. ಬಹುಮಂದಿ ಶಾಂತವಾಗಿ ನಡೆದರು. ಕೆಲವರು ವಾಹನಗಳಿಗೆ ಬೆಂಕಿಯಿಟ್ಟರು. ಉರಿದ ಮೇಲೆ ಎರಡು ಬೆಂಕಿಗಳೂ ಬೂದಿಯೇ. ಆದರೆ ಹಮೀದಿಯಾ ಮಸೀದಿಯ ಅಂಗಳದಲ್ಲಿ ಸುಟ್ಟದ್ದು ಸುಟ್ಟವರ ಸ್ವಂತ ಪತ್ರ. ಅದರ ನಷ್ಟವನ್ನೂ ಶಿಕ್ಷೆಯನ್ನೂ ಅವರೇ ಹೊತ್ತರು. ಪರರ ವಸ್ತುವಿಗೆ ಬೆಂಕಿಯಿಟ್ಟವನು ತನ್ನ ನ್ಯಾಯವನ್ನು ಎದುರಾಳಿಗೆ ಒಪ್ಪಿಸುವ ಮೊದಲೇ ಕಳೆದುಕೊಳ್ಳುತ್ತಾನೆ.

ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. 1914ರ ಕಾಯಿದೆಯಂತೆ ಭಾರತೀಯನೊಬ್ಬನು ಗಡಿಯಲ್ಲಿ ತನ್ನ ಹಕ್ಕನ್ನು ಸ್ಥಾಪಿಸಲು ತೋರಿಸಬೇಕಾಗಿದ್ದ ಪತ್ರದ ಮೇಲೆ ಅವನ ಹೆಬ್ಬೆಟ್ಟಿನ ಗುರುತು ಇರುತ್ತಿತ್ತು. ಎಂಟು ವರ್ಷಗಳ ಹೋರಾಟವಾದ ಮೇಲೂ ಬೆರಳಿನ ಗುರುತು ಹೋಗಲಿಲ್ಲ. ಅದರ ಅರ್ಥ ಬದಲಾಯಿತು. ಮೊದಲು ಅದು ಅವನನ್ನು ಕಳ್ಳನೆಂದು ಶಂಕಿಸುವ ಗುರುತಾಗಿತ್ತು. ಈಗ ಅವನು ಆ ನಾಡಿನ ನಿವಾಸಿಯೆಂದು ಸಾಕ್ಷಿ ಹೇಳುವ ಗುರುತಾಯಿತು. ಗಡಿಯನ್ನು ಕಾಯುವ ಹಕ್ಕು ಸರ್ಕಾರಕ್ಕೆ ಇದ್ದೇ ಇರುತ್ತದೆ. ಆದರೆ ಕಾಯುವ ಕೈ ಎದುರಿಗಿರುವವನ ಮಾನವನ್ನೂ ಕಾಯಬೇಕು. ಅದು ಹಾಗೆ ಕಾಯದಿದ್ದಾಗ, ದ್ವೇಷವಿಲ್ಲದೆ, ಮುಚ್ಚುಮರೆಯಿಲ್ಲದೆ, ಶಿಕ್ಷೆಗೆ ಸಿದ್ಧನಾಗಿ ಇಲ್ಲವೆನ್ನುವ ಶಕ್ತಿ ಸಾಮಾನ್ಯ ಜನರಲ್ಲಿ ಉಂಟು. ಬುಟ್ಟಿ ಹೊತ್ತು ತರಕಾರಿ ಮಾರುವವರು, ಗಣಿಯಲ್ಲಿ ಕಲ್ಲಿದ್ದಲು ಅಗೆಯುವವರು, ಕೂಸನ್ನು ಕಂಕುಳಲ್ಲಿ ಹೊತ್ತ ತಾಯಂದಿರು, ವಳ್ಳಿಯಮ್ಮನಂತಹ ಎಳೆಯರು ಅದನ್ನು ತೋರಿಸಿಕೊಟ್ಟರು.